ಎಷ್ಟರಲ್ಲಿ ಅರ್ಧ?

ಪ್ರಕಾಶ, ನಿನ್ನ ವೇಣಿ ಕೀಮೋ ಬೇಡವೆಂದದ್ದು ಅವಳ ಹಠದಿಂದಲ್ಲ. ಬೇಡವೆನ್ನಿಸಿದವನು ನಾನು.

ಆಕ್ಲೆಂಡಿನ ಒನೆಹುಂಗಾದಲ್ಲಿರುವ ನನ್ನ ಹಾಸಿಗೆ ಅಂಗಡಿ ನಿನಗೆ ಗೊತ್ತು. ಮೊದಲು ಬೆಲೆ ಏರಿಸಿ, ಆಮೇಲೆ ‘ಫಿಫ್ಟಿ ಪರ್ಸೆಂಟ್ ಆಫ್’ ಬೋರ್ಡು ತೂಗುಹಾಕಿಯೇ ಮೇಲೆ ಬಂದವನು ನಾನು. ಅದಕ್ಕೇ ನಮ್ಮವರೆಲ್ಲ ಕಾರಿರಲಿ, ಮನೆಸಾಲವಿರಲಿ, ಸಹಿ ಹಾಕುವ ಮುಂಚೆ ನನ್ನ ಹತ್ತಿರ ಬರುತ್ತಿದ್ದರು. ನಾನು ಎಲ್ಲರಿಗೂ ಹೇಳುತ್ತಿದ್ದುದು ಒಂದೇ — ಯಾರಾದರೂ ಪರ್ಸೆಂಟ್ ಎಂದರೆ, ಎಷ್ಟರಲ್ಲಿ ಎಂದು ಕೇಳು.

ಸ್ತನದ ಗಡ್ಡೆ ತೆಗೆಸಿದ ಮೇಲೆ ವೇಣಿಯೂ ಬಂದಳು. ಒಬ್ಬಳೇ. ಆ ಬೋರ್ಡಿನ ಕೆಳಗೇ, ಮಾರಾಟಕ್ಕಿಟ್ಟ ಮಂಚದ ಮೇಲೆ ಕೂತಳು.

“ಗಿರಿಯಣ್ಣ, ಕೀಮೋ ತಗೊಂಡ್ರೆ ಕಾಯಿಲೆ ವಾಪಸ್ ಬರೋ ಚಾನ್ಸ್ ಫಿಫ್ಟಿ ಪರ್ಸೆಂಟ್ ಕಮ್ಮಿ ಆಗತ್ತಂತೆ.”

“ಫಿಫ್ಟಿ ಪರ್ಸೆಂಟಾ? ಅದು ನನ್ನ ಬೋರ್ಡು ಕಣಮ್ಮ! ನೂರಕ್ಕೆ ಎಂಟು ಜನಕ್ಕೆ ಬರೋದು, ನಾಲ್ಕು ಜನಕ್ಕೆ ಬರತ್ತೆ, ಅಷ್ಟೇ. ಅದಕ್ಕೋಸ್ಕರ ಕೂದ್ಲು ಕಳ್ಕೊಂಡು, ತಿಂಗಳುಗಟ್ಲೆ ವಾಂತಿ ಮಾಡ್ಕೋತೀಯಾ? ಲಾಸ್ ವ್ಯಾಪಾರ.”

“ಎಂಟು ಅಂತ ನಿಮಗ್ಯಾರು ಹೇಳಿದ್ರು?” ಎಂದು ನಕ್ಕಳು.

“ಅನುಭವ!” ಎಂದೆ.

ಯಾರೂ ಹೇಳಿರಲಿಲ್ಲ, ಪ್ರಕಾಶ. ಎಷ್ಟರಲ್ಲಿ ಅರ್ಧ — ನಾನೇ ಕೇಳಲಿಲ್ಲ. ಡಾಕ್ಟರಿಗೆ ಒಂದು ಫೋನ್ ಮಾಡು ಎನ್ನಬಹುದಿತ್ತು. ಆದರೆ ಅವಳು ಹೆದರಿದ್ದಳು, ಬೇಡ ಎನ್ನುವವರೊಬ್ಬರು ಅವಳಿಗೆ ಬೇಕಾಗಿತ್ತು. ಮತ್ತೆ ನನಗೆ — ನನಗೆ ಗೊತ್ತಿಲ್ಲ ಎಂದು ಹೇಳಿ ಅಭ್ಯಾಸವೇ ಇರಲಿಲ್ಲ.

ಹೊರಡುವಾಗ ಅಂದಳು, “ನಿಮ್ಮನ್ನ ಕೇಳಿದ್ದು ಇವರಿಗೆ ಹೇಳ್ಬೇಡಿ. ನಂದೇ ನಿರ್ಧಾರ ಅಂತೀನಿ. ಇಲ್ದಿದ್ರೆ ನಿಮ್ಮ ಮೇಲೆ ಹರಿಹಾಯ್ತಾರೆ.”

ಕಾಯಿಲೆ ಮರಳಿ ಬಂತು. ಆಸ್ಪತ್ರೆಯಲ್ಲಿ ಡಾಕ್ಟರು ನಿನಗೆ ಬಿಡಿಸಿ ಹೇಳಿದಾಗ ನಾನೂ ಪಕ್ಕದಲ್ಲಿದ್ದೆ. ಅವಳಂಥ ನೂರು ಜನರಲ್ಲಿ, ಕೀಮೋ ಇಲ್ಲದಿದ್ದರೆ ನಲವತ್ತು ಜನಕ್ಕೆ ಮರಳುತ್ತದೆ, ಇದ್ದರೆ ಇಪ್ಪತ್ತಕ್ಕೆ. ನಲವತ್ತು! ನೀನು ಅವಳತ್ತ ತಿರುಗಿ ಕೂಗಿದೆ — “ಯಾರ ಮಾತು ಕೇಳಿ ಬೇಡ ಅಂದೆ?” ಅವಳು ಒಮ್ಮೆ ನನ್ನನ್ನು ನೋಡಿದಳು. “ಯಾರದ್ದೂ ಇಲ್ಲ” ಎಂದಳು. ನಾನು — ನಾನು ಅವಳ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ನಿಂತಿದ್ದೆ.

ಅವಳು ಹೋದ ಮೇಲೂ ಸುಮ್ಮನಿದ್ದೆ. ಮಾತು ಕೊಟ್ಟಿದ್ದೇನೆ ಎಂದುಕೊಂಡೆ. ಸುಳ್ಳು, ನಿನ್ನ ಮನೆಯ ಬಾಗಿಲು ನನಗೆ ತೆರೆದಿರಲಿ ಎಂಬುದಷ್ಟೇ ಇದ್ದದ್ದು.

ಕಳೆದ ಭಾನುವಾರ ಫ್ಲ್ಯಾಟ್ ಬುಷ್‌ನ ನಿಮ್ಮ ಮನೆಯಲ್ಲಿ ಅನು ಕೇಳಿದಳಲ್ಲ, “ಪಪ್ಪಾ, ವೈ ಡಿಡ್ ಅಮ್ಮ ಸೇ ನೋ?” ನೀನು ಮಗಳ ಮುಖ ನೋಡದೆ ಹೇಳಿದೆ, “ನಿಮ್ಮಮ್ಮಂಗೆ ನಾವು ಬೇಡವಾಗಿದ್ವಿ.”

ಆ ಹುಡುಗಿ ತಟ್ಟೆ ಅಲ್ಲೇ ಬಿಟ್ಟು ಒಳಗೆ ಹೋದಳು. ನಾನು ಏನು ಮಾಡಿದೆ ನೆನಪಿದೆಯಾ? “ಈ ಕಾಫಿಪುಡಿ ಎಷ್ಟಕ್ಕೆ ತಂದೆ?” ಎಂದು ಕೇಳಿದೆ.

ಅಂದಿನಿಂದ ಆ ನನ್ನ ಧ್ವನಿಯೇ ಕಿವಿಯಲ್ಲಿದೆ. ಬೋರ್ಡು ಇಳಿಸಿದ್ದೇನೆ — ಅದರಿಂದ ಯಾರಿಗೆ ಏನು ಬಂತು?

ಇದನ್ನು ಓದಿ ಮುಗಿಸುವಾಗ ನಾನು ನಿನ್ನ ಮನೆಯ ಹೊರಗೆ ಕಾರಿನಲ್ಲಿರುತ್ತೇನೆ. ಆಮೇಲೆ ಬೇಕಾದರೆ ಎಂದೂ ನನ್ನ ಮುಖ ನೋಡಬೇಡ. ಆದರೆ ಮೊದಲು ಅನುವನ್ನು ಕರೆ. ಅವಳಮ್ಮ ಅವಳನ್ನು ಬೇಡವೆನ್ನಲಿಲ್ಲ ಎಂಬುದನ್ನು ಅವಳು ನನ್ನ ಬಾಯಿಂದಲೇ ಕೇಳಬೇಕು.