ಕಾಣದ ಉರಿಗೆ ಉಪ್ಪು

ಜಮಖಂಡಿಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸಲು ಸೇರಿದಾಗ ನಮ್ಮ ಸೀಮೆ ಮುಂಬಯಿ ರಾಜ್ಯಕ್ಕೆ ಸೇರಿ ಬಹಳ ಕಾಲವಾಗಿರಲಿಲ್ಲ. ನಾನು ಬೆಳೆದದ್ದು ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ಹುಡುಗಿಯರ ವಸತಿಗೃಹದಲ್ಲಿ. ಹಾಗಾಗಿ ಪ್ರಯೋಗಶಾಲೆಯೆಂದು ನನಗೆ ಒಪ್ಪಿಸಿದ ಧೂಳು ತುಂಬಿದ ಕೋಣೆಯನ್ನು ಮೊದಲ ವಾರದಲ್ಲೇ ತೊಳೆದು, ಶೀಶೆಗಳಿಗೆ ಚೀಟಿ ಅಂಟಿಸಿ, ಸ್ಟೂಲುಗಳನ್ನು ಸಾಲಾಗಿ ಇಡಿಸಿದೆ.

ಆ ಕೋಣೆಯ ಮೇಲೆ ಡ್ರಿಲ್ ಮಾಸ್ತರರಿಗೂ ಕಣ್ಣಿತ್ತು. ಹುಡುಗರು ಕವಾಯತಿನಲ್ಲಿ ಝಣಝಣ ಕುಲುಕುವ ಅವರ ಲೇಜಿಮುಗಳು ವರಾಂಡದ ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಮಳೆ ಬಂದರೆ ಅವುಗಳ ತಾಳಗಳಿಗೆ ತುಕ್ಕು ಹಿಡಿಯುತ್ತಿತ್ತು. ದಿನಾ ಬಾಗಿಲಲ್ಲಿ ನಿಂತು ಒಳಗೆ ಇಣುಕಿ, "ಅಕ್ಕಾವರ, ಗ್ವಾಡಿ ಭಾಳ ಛಲೋ ಅದಾವ್ರಿ. ಮೊಳಿ ಹೊಡದ್ರ ಎಷ್ಟು ಲೇಜಿಮ್ ಹಿಡೀತಾವು ನೋಡ್ರಿ," ಎನ್ನುತ್ತಿದ್ದರು.

"ಗ್ವಾಡಿಗೆ ಮೊಳಿ ಹೊಡೀರಿ ಮಾಸ್ತರ, ನಿಮ್ಮ ಮನ್ಯಾಗ," ಎನ್ನುತ್ತಿದ್ದೆ ನಾನು.

ನನಗೆ ಬೇಕಾಗಿದ್ದದ್ದು ಒಳ್ಳೆಯ ಬೆಂಕಿ. ದೊಡ್ಡ ಊರಿನ ಕಾಲೇಜುಗಳಲ್ಲಿ ನಳ ತಿರುಗಿಸಿದರೆ ಗ್ಯಾಸು ಬರುತ್ತಿತ್ತು. ನಮಗೆ ನಳದಲ್ಲಿ ನೀರು ಬಂದರೇ ಸಂತೋಷ. ಸ್ಪಿರಿಟ್ ದೀಪದ ಉರಿಗೆ ಗಾಜಿನ ನಳಿಕೆ ಬಗ್ಗುತ್ತಿರಲಿಲ್ಲ. ಜಲಜನಕದ ಉರಿಯಾದರೆ ಗಾಜನ್ನು ಮೇಣದಂತೆ ಬಗ್ಗಿಸುತ್ತದೆ. ಹಳೆಯ ಟಾರ್ಚ್ ಸೆಲ್ಲುಗಳನ್ನು ಸೀಳಿದರೆ ಸತುವಿನ ತಗಡು ಸಿಗುತ್ತದೆ, ಬ್ಯಾಟರಿ ಅಂಗಡಿಯಲ್ಲಿ ಆಸಿಡ್ ಸಿಗುತ್ತದೆ. ಎರಡೂ ಸೇರಿದರೆ ಜಲಜನಕ. ಇನ್ನು ಅದನ್ನು ಉರಿಸಲು ಒಂದು ಬರ್ನರ್ ಮಾಡಿಕೊಂಡರಾಯಿತು.

ಮೊದಲ ಬರ್ನರ್ ಢಂ ಎಂದಿತು. ಗ್ಯಾಸು ತಯಾರಾಗುವ ಬಾಟಲಿಯ ಬೂಚು ಹಾರಿ ಮಾಳಿಗೆಗೆ ಬಡಿಯಿತು. ಬಾಟಲಿಗೆ ಒದ್ದೆ ಚೀಲ ಸುತ್ತಿದ್ದರಿಂದ ಗಾಜು ಸಿಡಿಯಲಿಲ್ಲ. ಆದರೆ ಗೋಡೆಯಾಚೆ ಇತಿಹಾಸ ಕಲಿಸುತ್ತಿದ್ದ ಹೆಡ್‌ಮಾಸ್ತರರು ಸೀಮೆಸುಣ್ಣ ಹಿಡಿದುಕೊಂಡೇ ಓಡಿ ಬಂದರು.

"ಏನಾತ್ರಿ ಅಕ್ಕಾವರ? ಯುದ್ಧ ನಾ ಕಲಸಾಕತ್ತೇನಿ, ತೋಪು ನೀವು ಹಾರಸಾಕತ್ತೀರಿ!"

ಅವರು ಕೆಟ್ಟವರಲ್ಲ. ಆದರೆ ಮಾತು ಖಡಕ್. ಬರ್ನರನ್ನು ಅಪಾಯವಿಲ್ಲದಂತೆ ಮಾಡಿ ಅವರ ಮುಂದೆ ಉರಿಸಿ ತೋರಿಸಬೇಕು. ಇಲ್ಲದಿದ್ದರೆ ಕೋಣೆ ಲೇಜಿಮಿಗೆ. ಬಾಗಿಲಲ್ಲಿದ್ದ ಡ್ರಿಲ್ ಮಾಸ್ತರರು ಆಗಲೇ ಗೋಡೆಗೆ ಗೇಣು ಹಾಕುತ್ತಿದ್ದರು.

ನಾನು ಕ್ರಮವಾಗಿ ಯೋಚಿಸಿದೆ. ಜಲಜನಕದ ಉರಿಗೆ ಓಟ ಹೆಚ್ಚು. ಗ್ಯಾಸು ನಿಧಾನವಾಗಿ ಹೊರಬಂದರೆ ಉರಿ ಅದನ್ನೇ ಹಿಡಿದುಕೊಂಡು ಕೊಳವೆಯೊಳಗೆ ಹಿಂದಕ್ಕೆ ನುಗ್ಗುತ್ತದೆ. ಒಳಗೆ ಗಾಳಿ ಬೆರೆತಿದ್ದರೆ ಢಂ. ಆದ್ದರಿಂದ ಬರ್ನರಿನ ಬಾಯಿ ಸಣ್ಣದಿರಬೇಕು. ಒಳಗೆ ಸಣ್ಣ ಕಣ್ಣಿನ ಲೋಹದ ಜಾಲರಿ ಬಿಗಿಯಾಗಿ ತುಂಬಿರಬೇಕು; ಅದನ್ನು ಹಾಯುವಷ್ಟರಲ್ಲಿ ಉರಿ ತಣ್ಣಗಾಗಿ ಸಾಯುತ್ತದೆ. ಅದನ್ನೂ ದಾಟಿದರೆ ತಡೆಯಲು ನಡುವೆ ಒಂದು ನೀರಿನ ಬಾಟಲಿ. ಹಚ್ಚುವ ಮೊದಲು ಗ್ಯಾಸನ್ನು ಪ್ರನಾಳದಲ್ಲಿ ಹಿಡಿದು, ದೂರ ಒಯ್ದು ಕಡ್ಡಿ ತೋರಿಸಬೇಕು. ಅದು ಚೀರಿದರೆ ಇನ್ನೂ ಗಾಳಿ ಇದೆ ಎಂದರ್ಥ, ಕಾಯಬೇಕು. ಮೆಲ್ಲಗೆ ಉರಿದರೆ ಹಚ್ಚಬಹುದು. ಸೋರಿದ ಗ್ಯಾಸು ಮೇಲೇರುವುದರಿಂದ ಮಾಳಿಗೆಯ ಬೆಳಕಿಂಡಿ ತೆರೆದೇ ಇರಬೇಕು.

ಜಾಲರಿಗಾಗಿ ಊರೆಲ್ಲ ಹುಡುಕಿದೆ. ಕೊನೆಗೆ ಸಿಕ್ಕಿದ್ದು ನಮ್ಮ ಅಡುಗೆಮನೆಯಲ್ಲೇ. ಅವ್ವ ಹಿಟ್ಟು ಸಾಣಿಸುವ ಹಿತ್ತಾಳೆ ತಂತಿಯ ಸಾಣಿಗೆ.

"ನನ್ನ ಸಾಣಿಗಿ ಎಲ್ಲಿ?" ಎಂದಳು ಸಂಜೆ ಅವ್ವ.

"ಸಾಲ್ಯಾಗ ಐತಿ."

"ಸಾಲ್ಯಾಗ ಏನ್ ಹಿಟ್ಟು ಸಾಣಸ್ತೀರಿ?"

"ಬೆಂಕಿ ಸಾಣಸ್ತೇವಿ."

ಅವ್ವ ನನ್ನ ಹಣೆ ಮುಟ್ಟಿ ನೋಡಿದಳು.

ಬರ್ನರಿಗೆ ಮೊದಲು ಹಾಕಿದ್ದ ಗಾಜಿನ ಬಾಯಿ ಕಾವಿಗೆ ಕರಗಿ ಮುಚ್ಚಿಹೋಗುತ್ತಿತ್ತು. ಲೋಕಾಪುರದಲ್ಲಿ ಸ್ಟೋವ್ ರಿಪೇರಿ ಮಾಡುವವರೊಬ್ಬರ ಬಳಿ ಹಿತ್ತಾಳೆಯದೊಂದು ಬಾಯಿ ಮಾಡಿಸಿಕೊಂಡು ಬಂದೆ. ಜೋಡಿಸಿದೆ, ಪರೀಕ್ಷಿಸಿದೆ, ಹಚ್ಚಿದೆ. ಢಂ ಇಲ್ಲ, ಚೀರಾಟ ಇಲ್ಲ. ಹೆಡ್‌ಮಾಸ್ತರರನ್ನು ಕರೆದೆ.

ಅವರು ಬಗ್ಗಿ ನೋಡಿದರು. "ಹಚ್ಚ್ರಿ ಮತ್ತ."

"ಹಚ್ಚೇನ್ರಿ ಸರ್. ಉರಿಯಾಕತ್ತೈತಿ."

"ಎಲ್ಲಿ?" ಎನ್ನುತ್ತ ಇನ್ನೂ ಬಗ್ಗಿದರು. ಹೆಗಲ ಮೇಲಿನ ಉಪರಣಿಯ ಅಂಚು ಮುಂದಕ್ಕೆ ಜಾರಿತು; ಮರುಕ್ಷಣ ಚುರ್ ಎಂದಿತು. ಡ್ರಿಲ್ ಮಾಸ್ತರರು ಅಲ್ಲೇ ಇದ್ದದ್ದು ಒಳ್ಳೆಯದಾಯಿತು. ಎರಡೂ ಕೈಯಿಂದ ಬಡಿದು ಆರಿಸಿದರು. ಬೇಕಾದ್ದಕ್ಕಿಂತ ತುಸು ಜೋರಾಗಿಯೇ ಬಡಿದರು ಎಂದು ನನಗನಿಸಿತು.

ಗಾಜಿನ ಬಾಯಿ ಇದ್ದಾಗ ಗಾಜಿನೊಳಗಿನ ಸೋಡಿಯಂ ಉರಿಗೆ ಹಳದಿ ಬಣ್ಣ ಕೊಡುತ್ತಿತ್ತು. ಹಿತ್ತಾಳೆ ಬಂದ ಮೇಲೆ ಆ ಬಣ್ಣ ಹೋಯಿತು. ಹಗಲು ಬೆಳಕಿನಲ್ಲಿ ಶುದ್ಧ ಜಲಜನಕದ ಉರಿ ಕಾಣುವುದೇ ಇಲ್ಲ.

"ಅಕ್ಕಾವರ," ಎಂದರು ಹೆಡ್‌ಮಾಸ್ತರರು, ಸುಟ್ಟ ಅಂಚು ಮಡಚಿಕೊಳ್ಳುತ್ತ, "ಕಾಣೋ ಬೆಂಕಿಗೇ ಹುಡುಗ್ರು ಕೈ ಹಾಕ್ತಾವು. ಕಾಣದ ಬೆಂಕಿ ನನ್ನ ಸಾಲ್ಯಾಗ ಬ್ಯಾಡ. ಸೋಮವಾರ ಖೋಲಿ ತೆರವು ಮಾಡ್ರಿ."

ಅವರ ಮಾತು ನ್ಯಾಯವಾಗಿತ್ತು. ಅದೇ ನನಗೆ ಹೆಚ್ಚು ಚುಚ್ಚಿತು.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೂ ನಾನು ಮನೆಗೆ ಹೋಗಲಿಲ್ಲ. ಬರ್ನರಿನ ಸುತ್ತ ಮೇಜಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಉರಿ ಹಚ್ಚಿ, ಅದರ ಮುಂದೆ ಕೂತೆ. ಏನು ಮಾಡಿದರೆ ಇದು ಕಂಡೀತು? ಅಷ್ಟರಲ್ಲಿ ಅವ್ವ ರೊಟ್ಟಿ ಬುತ್ತಿ ಹಿಡಿದು ಬಂದಳು. ನನ್ನ ಮುಖ ನೋಡಿದವಳೇ ಬುತ್ತಿ ಕೆಳಗಿಟ್ಟಳು.

"ದೃಷ್ಟಿ ಆಗೇತಿ ನಿನಗ. ಆ ಲೇಜಿಮ್ ಮಾಸ್ತರ ದಿನಾ ಬಂದು ನಿಂತು ನೋಡ್ತಾನಂದ್ರ ಆಗದೇ ಇರತೈತೇನು?"

ಸೆರಗಿನ ಗಂಟಿನಲ್ಲಿ ಉಪ್ಪು, ಸಾಸಿವೆ, ಒಣ ಮೆಣಸಿನಕಾಯಿ ಕಟ್ಟಿಕೊಂಡೇ ಬಂದಿದ್ದಳು. ಮುಷ್ಟಿಯಲ್ಲಿ ಹಿಡಿದು ಮೊದಲು ನನಗೆ ಇಳಿಸಿದಳು, ಆಮೇಲೆ ಬರ್ನರಿಗೂ ಇಳಿಸಿದಳು. ಇಳಿಸಿದ್ದನ್ನು ಬೆಂಕಿಗೆ ಹಾಕಬೇಕಲ್ಲ.

"ಬೆಂಕಿ ಎಲ್ಲಿ ಐತಿ?"

"ಅಲ್ಲೇ ಐತಿ ಅವ್ವ. ಗೆರಿ ದಾಟಬ್ಯಾಡ! ಕಾಣಂಗಿಲ್ಲ ಅದು."

"ಎಲ್ಲಾ ನಿನ್ನಂಥಾದ್ದ ಐತಿ ಬಿಡು," ಎಂದು ಗೆರೆಯಾಚೆಯಿಂದಲೇ ಮುಷ್ಟಿ ಬಿಚ್ಚಿ ಎಸೆದಳು.

ಉಪ್ಪಿನ ಹರಳುಗಳು ಹಿತ್ತಾಳೆಯ ಬಾಯಿಗೆ ಬಡಿದವು. ಕಣ್ಣಿಗೇ ಕಾಣದಿದ್ದ ಉರಿ ಚೆಂಡುಹೂವಿನ ಬಣ್ಣ ತಾಳಿ ಎದ್ದು ನಿಂತಿತು. ನಾನು ಚಪ್ಪಾಳೆ ತಟ್ಟಿದೆ. ಉಪ್ಪು! ಅದರೊಳಗೂ ಸೋಡಿಯಂ, ತಿಂಗಳ ಹಿಂದೆ ನಾನೇ ಮೇಲಿನ ಕ್ಲಾಸಿಗೆ ಆ ಪಾಠ ಹೇಳಿದ್ದೆ. ಅವ್ವನನ್ನು ತಬ್ಬಿಕೊಳ್ಳುವಷ್ಟರಲ್ಲಿ ಮೆಣಸಿನಕಾಯಿ ಹೊತ್ತಿತು. ಇಬ್ಬರೂ ಕೆಮ್ಮುತ್ತ ಹೊರಗೆ ಓಡಿದೆವು. ವರಾಂಡದಲ್ಲಿ ಲೇಜಿಮ್ ಎಣಿಸುತ್ತಿದ್ದ ಮಾಸ್ತರರೂ ಕೆಮ್ಮತೊಡಗಿದರು.

"ಏನ್ ಘಾಟು, ಏನ್ ಘಾಟು!"

"ನೋಡಿದ್ಯಾ," ಎಂದಳು ಅವ್ವ ನನ್ನ ಕಿವಿಯಲ್ಲಿ, ಕಣ್ಣೊರೆಸಿಕೊಳ್ಳುತ್ತ. "ಯಾರ ದೃಷ್ಟಿ ಅಂತ ತಿಳೀತಲಾ."

ಭಾನುವಾರ ಕುಂಬಾರರ ಮನೆಯಲ್ಲಿ ಬೆರಳಿಗೆ ತೊಡುವಷ್ಟು ಸಣ್ಣ ಸುಟ್ಟ ಮಣ್ಣಿನ ಉಂಗುರಗಳನ್ನು ಆರಿಸಿ ತಂದು, ಗಟ್ಟಿ ಉಪ್ಪುನೀರಿನಲ್ಲಿ ನೆನೆಹಾಕಿ ಒಣಗಿಸಿದೆ. ಒಂದನ್ನು ಬರ್ನರಿನ ಬಾಯಿಗೆ, ಉರಿ ತಾಗುವಂತೆ ಕೂರಿಸಿದೆ. ಸೋಮವಾರ ಹೆಡ್‌ಮಾಸ್ತರರು ಈ ಸಲ ಉಪರಣಿಯನ್ನು ಕುರ್ಚಿಯ ಮೇಲೆ ಬಿಟ್ಟು ಬಂದರು. ಬಾಗಿಲಲ್ಲೇ ನಿಂತರು. ಅಲ್ಲಿಗೂ ಹಳದಿ ಉರಿ ಕಾಣುತ್ತಿತ್ತು. ನಾನು ಗಾಜಿನ ನಳಿಕೆಯೊಂದನ್ನು ಹಿಡಿದು, ಕಾಯಿಸಿ, ಲಂಬಕೋನಕ್ಕೆ ಬಗ್ಗಿಸಿ ತೋರಿಸಿದೆ.

"ಖರೆ ಐತಿ, ಈಗ ಕಾಣತೈತಿ," ಎಂದರು. "ಖೋಲಿ ನಿಮ್ದ."

ಡ್ರಿಲ್ ಮಾಸ್ತರರ ಮುಖ ಇಳಿಯಿತು. "ನನ್ನ ಲೇಜಿಮ್ ಏನ್ ಪಾಪ ಮಾಡ್ಯಾವ್ರಿ ಸರ್? ಮಳಿಗಾಲ ಬಂತು."

ಹೆಡ್‌ಮಾಸ್ತರರು ನ್ಯಾಯ ಬಿಟ್ಟವರಲ್ಲ. ತಮ್ಮ ಕುರ್ಚಿಯ ಹಿಂದಿನ ಗೋಡೆಯನ್ನೇ ಕೊಟ್ಟರು. ಮಾಸ್ತರರು ಅಂದೇ ಮೊಳೆ ಹೊಡೆದು ಲೇಜಿಮುಗಳನ್ನು ನೇತುಹಾಕಿದರು. ಅಂದಿನಿಂದ ಹೆಡ್‌ಮಾಸ್ತರರು ಕುರ್ಚಿಗೆ ಒರಗಿದರೂ ಝಣ್, ಎದ್ದರೂ ಝಣ್. ಅವರು ತಪಾಸಣೆಗೆ ಹೊರಟ ಸುದ್ದಿ ಅವರಿಗಿಂತ ಮೊದಲೇ ನನ್ನ ಕೋಣೆಗೆ ತಲುಪುತ್ತಿತ್ತು. ನಾನು ಬೆಳಕಿಂಡಿ ನೋಡಿ, ಉಂಗುರ ನೋಡಿ, ಕಡ್ಡಿ ಗೀರಿ ಸಿದ್ಧಳಾಗಿರುತ್ತಿದ್ದೆ.