ಮಲೀಕಸಾಬನನ್ನು ಏಳಗೊಡದ ಭಾರತಿ

ನಮ್ಮ ಕಡೆ ನೋವು ನಿಂತಿತೆಂದರೆ ರೋಗವೇ ಹೋಯಿತೆಂದು ಲೆಕ್ಕ. ಈ ತಿಳಿವಳಿಕೆಯ ಮೇಲೆ ಮಸ್ಕಿಯ ಭಾರತಿಗೆ ಇರುವಷ್ಟು ಸಿಟ್ಟು ಬೇರೆ ಯಾರಿಗೂ ಇರಲಿಕ್ಕಿಲ್ಲ. ಸಿಂಧನೂರಿನ ಆಸ್ಪತ್ರೆಯೊಂದರ ಹೃದಯದ ವಾರ್ಡಿನಲ್ಲಿ ಏಳು ವರ್ಷದಿಂದ ನರ್ಸ್. ಆಳು ಕುಳ್ಳಿ, ದನಿ ಮಾತ್ರ ಎದುರಿನ ಚಹಾದಂಗಡಿಯವರೆಗೆ ಕೇಳುತ್ತದೆ.

ಜುಲೈನ ಒಂದು ಬೆಳಿಗ್ಗೆ ಜವಳಗೇರಾದ ಮಲೀಕಸಾಬನನ್ನು ಎದೆನೋವೆಂದು ಕರೆತಂದರು. ಕಾಲುವೆಯ ಗ್ಯಾಂಗ್‌ಮನ್ ಅವನು. ಗೇಟು ಎತ್ತುವುದು, ಇಳಿಸುವುದು ಮೂವತ್ತು ವರ್ಷದ ಕೆಲಸ. ರಕ್ತನಾಳದಲ್ಲಿ ಕಟ್ಟಿದ್ದ ಹೆಪ್ಪು ಕರಗಲು ಇಂಜೆಕ್ಷನ್ ಕೊಟ್ಟ ಮುಕ್ಕಾಲು ಗಂಟೆಗೆ ನೋವು ಇಳಿಯಿತು. ಜಗಳ ಶುರುವಾಗಿದ್ದು ಅಲ್ಲಿಂದಲೇ.

ಅವನು ಎದ್ದು ಕೂತು ಎದೆಗೆ ಹಚ್ಚಿದ್ದ ವೈರುಗಳಿಗೆ ಕೈ ಹಾಕಿದ. "ಇವತ್ತ ಕಾಲುವಿಗೆ ನೀರು ಬಿಡ್ತಾರ ತಂಗಿ. ನಾ ಗೇಟಿನ ಹತ್ರ ಇರಬೇಕು. ಈಗ ನನಗೇನೂ ಇಲ್ಲ." ಹೆಂಡತಿ ಜಮೀಲಾಬೀ ಆಗಲೇ ಅವನ ಚಪ್ಪಲಿ ಜೋಡಿಸಿಟ್ಟಿದ್ದಳು.

ಭಾರತಿ ಅವನ ಕೈ ಹಿಡಿದಳು. "ಚಾಚಾ, ಒಣಗಿದ ಕಾಲುವಿಗೆ ಮೊದಲನೇ ದಿನಾನ ಗೇಟು ಪೂರಾ ಎತ್ತತೀರೇನು?"

"ತಲಿ ಕೆಟ್ಟೈತೇನವ್ವಾ? ದಂಡಿ ಬಿರುಕು ಬಿಟ್ಟಿರತಾವ, ಒಡದ ಹೋಗತಾವ. ಮೂರು ದಿನ ಸ್ವಲ್ಪ ಸ್ವಲ್ಪ ಬಿಟ್ಟು, ದಂಡಿಗುಂಟ ಅಡ್ಡಾಡಿ ನೋಡಬೇಕು."

"ನಿಮ್ಮ ಎದಿಯಾಗೂ ಈಗಷ್ಟ ರಕ್ತ ತಿರುಗಿ ಹರಿಯಾಕತ್ತೈತಿ. ಇದ ಕೆಟ್ಟ ಹೊತ್ತು. ಗುಂಡಿಗಿ ಒಮ್ಮೆಲೆ ಹದ ತಪ್ಪಿ ಬಡಕೋಬಹುದು. ಮಲಕೋರಿ. ದಂಡಿ ಕಾಯಾಕ ನಾ ಅದೀನಿ."

ಮಲೀಕಸಾಬ ವೈರು ಬಿಟ್ಟು ಮಲಗಿದ. ಒಪ್ಪದವಳು ಜಮೀಲಾಬೀ. "ಆರಾಮ ಆದವನ್ನ ಕಟ್ಟಿ ಹಾಕ್ಯಾಳ ನೋಡ್ರಿ ಈಕಿ!" ಎಂದು ಬಾಗಿಲಲ್ಲಿ ನಿಂತ ಬಂಧುಗಳಿಗೆಲ್ಲ ಕೂಗಿ ಹೇಳಿದಳು. ಭಾರತಿ ಊಟಕ್ಕೂ ಏಳದೆ, ಮಂಚದ ಪಕ್ಕಕ್ಕೆ ಸ್ಟೂಲು ಎಳೆದು, ಶಾಕ್ ಕೊಡುವ ಯಂತ್ರವನ್ನು ಕೈಯಳತೆಯಲ್ಲಿಟ್ಟು ಕೂತಳು. ಬೈಸಿಕೊಳ್ಳುವುದು ಅವಳಿಗೆ ಹೊಸದಲ್ಲ.

ಇಪ್ಪತ್ತು ನಿಮಿಷ ಕಳೆದಿರಬಹುದು. ಎದೆಬಡಿತ ತೋರಿಸುವ ಪರದೆಯ ಮೇಲಿನ ಗೆರೆ ಅಡ್ಡಾದಿಡ್ಡಿಯಾಯಿತು. ಮಲೀಕಸಾಬನ ಕಣ್ಣು ಮೇಲೆ ಸಿಕ್ಕಿಕೊಂಡವು. ಭಾರತಿ ಕೂಗಿದ ಕೂಗಿಗೆ ಡಾಕ್ಟರು ಪಕ್ಕದ ಕೋಣೆಯಿಂದ ಓಡಿ ಬಂದರು. ಅಷ್ಟರಲ್ಲಾಗಲೇ ಅವಳು ಅವನ ಎದೆ ಒತ್ತುತ್ತಿದ್ದಳು, ಯಂತ್ರ ಸಜ್ಜಾಗಿತ್ತು. ಒಂದು ಶಾಕಿಗೆ ಗೆರೆ ಹಾದಿಗೆ ಬಂತು. ಕಾಲುವೆಯ ದಾರಿಯಲ್ಲಿ ಹೀಗಾಗಿದ್ದರೆ ಅವನು ಅಲ್ಲೇ ಮುಗಿಯುತ್ತಿದ್ದ. ಅಲ್ಲಿದ್ದವರಿಗೆಲ್ಲ ಅದು ಹೇಳದೆ ಗೊತ್ತಾಯಿತು. ಜಮೀಲಾಬೀ ಚಪ್ಪಲಿಗಳನ್ನು ಮಂಚದ ಕೆಳಗೆ ದೂರಕ್ಕೆ ತಳ್ಳಿದಳು. ಮೂರು ದಿನ ಯಾರನ್ನೂ ಒಳಗೆ ಬಿಡಬೇಡವೆಂದು ಭಾರತಿ ಅವಳಿಗೆ ಹೇಳಿ ಮನೆಗೆ ಹೋದಳು.

ಮರುದಿನ ಭಾರತಿಗೆ ರಜೆ. ಮನಸ್ಸು ತಡೆಯದೆ ಮಸ್ಕಿಯಿಂದ ಬಂದೇ ಬಂದಳು, ಸಾದಾ ಸೀರೆಯಲ್ಲಿ. ವಾರ್ಡಿನ ಬಾಗಿಲಿಗೆ ಅಡ್ಡವಾಗಿ ಜಮೀಲಾಬೀ ಕಾಲು ಚಾಚಿ ಕೂತಿದ್ದಳು. ಲಿಂಗಸುಗೂರಿನಿಂದ ಬಿರಿಯಾನಿ ತಂದ ಮೈದುನ ಹಸನ್‌ಸಾಬ್ ಡಬ್ಬಿ ಹಿಡಿದು ಹೊರಗೇ ನಿಂತಿದ್ದ. ಯೂನಿಫಾರ್ಮ್ ಇಲ್ಲದ ಭಾರತಿಯ ಗುರುತು ಜಮೀಲಾಬೀಗೆ ಹತ್ತಲಿಲ್ಲ.

"ಎಲ್ಲಿಗೆ ಬೇ? ಇನ್ನಾ ಎರಡು ದಿನ ಯಾರೂ ಒಳಗ ಹೋಗಂಗಿಲ್ಲ. ನಮ್ಮ ಸಿಸ್ಟರ್ ಹೇಳ್ಯಾಳ!"

ಭಾರತಿ ತಾನಾರೆಂದು ಹೇಳಲಿಲ್ಲ. ಕಣ್ಣೊರೆಸಿಕೊಂಡು, ಹಸನ್‌ಸಾಬನ ಪಕ್ಕದಲ್ಲಿ ಹೊರಗೇ ನಿಂತಳು.