ನಾಬ್ ಸೊನ್ನೆಯಲ್ಲಿತ್ತೇ?

ಅವತ್ತು ನಾನು ಪಾಠ ಮುಗಿಸಿ ಶಾಲೆಯಿಂದ ಮನೆಗೆ ಬಂದಾಗ ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಆದರೆ ಓವನ್ ಕಾದು ಕೂತಿತ್ತು. ಗಾಜಿನ ಬಾಗಿಲಿನ ಹತ್ತಿರ ಹೋಗುವ ಮೊದಲೇ ಮುಖಕ್ಕೆ ಝಳ ಬಡಿಯಿತು. ಗಾಬರಿಯಲ್ಲಿ ಎರಡೂ ನಾಬ್‌ಗಳನ್ನು ತಿರುಗಿಸಿ ಆಫ್ ಮಾಡಿದೆ. ಹಾಲ್‌ನಲ್ಲಿ ಅತ್ತೆ ದಿವಾನದ ಮೇಲೆ ಮಲಗಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ಬಿಸ್ಕತ್ತಿನ ತಟ್ಟೆಗಳನ್ನು ಬೆಳಿಗ್ಗೆಯೇ ತೊಳೆದು ಕವುಚಿಟ್ಟಿದ್ದರು. ಅಂದರೆ ಓವನ್ ಐದಾರು ಗಂಟೆಯಿಂದ ಸುಮ್ಮನೆ ಉರಿದಿತ್ತು.

ಆ ಓವನ್ ನಾವು ಕೊಂಡದ್ದಲ್ಲ. ಚೆನ್ನೈಯಲ್ಲಿ ಈ ಫ್ಲ್ಯಾಟ್ ಕೊಂಡಾಗ ಅದರ ಜೊತೆಗೇ ಬಂದದ್ದು. ಹಿಂದಿನ ಮನೆಯವರು ಗೋಡೆಯ ಕಪಾಟಿನಲ್ಲಿ, ಎದೆಯ ಎತ್ತರಕ್ಕೆ, ಅದನ್ನು ಕೂರಿಸಿಬಿಟ್ಟಿದ್ದರು. ನನಗೂ ನನ್ನ ಯಜಮಾನರಿಗೂ ಅದು ಬೇಡವಾಗಿತ್ತು. ಅತ್ತೆ ಮಾತ್ರ ಅದರ ಬಾಗಿಲು ತೆಗೆದು ಒಳಗೆ ಕೈಯಾಡಿಸಿ, "ಇದು ಇರ್ಲಿ ಕಣೇ" ಅಂದರು. ಹಾಸನದಲ್ಲಿ ಅವರ ತಂದೆಗೆ ಬೇಕರಿ ಇತ್ತು. ಹತ್ತೊಂಬತ್ತಕ್ಕೆ ಮದುವೆಯಾಗಿ ಮದ್ರಾಸಿಗೆ ಬರುವವರೆಗೂ ಅವರು ಸೌದೆ ಒಲೆಯ ಪಕ್ಕದಲ್ಲೇ ಬೆಳೆದವರು. ಎಪ್ಪತ್ತು ದಾಟಿದ ಮೇಲೆ ಮತ್ತೆ ಬೆಣ್ಣೆ ಬಿಸ್ಕತ್ತು, ಖಾರಾ ಬಿಸ್ಕತ್ತು ಶುರುವಾಯಿತು. ವಾರಕ್ಕೆ ಎರಡು ಸಲ ಇಡೀ ಮಹಡಿಗೆ ವಾಸನೆ.

ಓವನ್‌ಗೆ ಎರಡು ನಾಬ್. ಬಲಗಡೆಯದು ಶಾಖಕ್ಕೆ. ಅದನ್ನು ಅತ್ತೆ ನೂರ ಎಂಬತ್ತರಲ್ಲಿ ಇಟ್ಟವರು ಮತ್ತೆ ಮುಟ್ಟುತ್ತಿರಲಿಲ್ಲ. ಎಡಗಡೆಯದು ಆನ್-ಆಫ್‌ಗೆ, ಅದು ಸೊನ್ನೆಗೆ ಬಂದರೆ ಓವನ್ ಆರಿದ ಹಾಗೆ. ಕಾಯುವಾಗ ಹತ್ತಬೇಕಾದ ಕೆಂಪು ದೀಪ ಎಂದೋ ಕೆಟ್ಟಿತ್ತು. ಗೋಡೆಯ ಸ್ವಿಚ್ಚು ಕಪಾಟಿನ ಹಿಂದೆ ಸಿಕ್ಕಿಕೊಂಡಿತ್ತು, ಕೈಗೆ ಎಟುಕುತ್ತಿರಲಿಲ್ಲ.

ಎದ್ದ ಮೇಲೆ ಅತ್ತೆಯನ್ನು ಕೇಳಿದೆ. "ಆಫ್ ಮಾಡ್ದೆನಲ್ಲೇ" ಅಂದರು, ಯೋಚನೆಯನ್ನೂ ಮಾಡದೆ. ನಾನು ನಕ್ಕು ಸುಮ್ಮನಾದೆ. ವಯಸ್ಸಾಯಿತು, ಒಂದು ಸಲ ಮರೆತಿರಬಹುದು ಅಂದುಕೊಂಡೆ.

ಎರಡು ವಾರದ ನಂತರ ಒಂದು ಶನಿವಾರ ಕೋಯಂಬೇಡಿನಿಂದ ತರಕಾರಿ ಹೊತ್ತು ಮೆಟ್ಟಿಲು ಹತ್ತುತ್ತಿದ್ದೆ. ಮೊದಲ ಮಹಡಿಯಲ್ಲೇ ಸುಟ್ಟ ವಾಸನೆ. ಚೀಲ ಅಲ್ಲೇ ಬಿಟ್ಟು ಓಡಿದೆ. ಕಪಾಟಿನ ಪ್ಲೈವುಡ್ ಒಂದು ಬದಿ ಕಪ್ಪಾಗಿ, ಮೇಲಿನ ಹಾಳೆ ಗುಳ್ಳೆ ಎದ್ದಿತ್ತು. ನಾಬ್‌ಗಳನ್ನು ಹೇಗೋ ತಿರುಗಿಸಿ, ಬಾಗಿಲ ಹಿಂದಿನ ಪೆಟ್ಟಿಗೆಯಲ್ಲಿ ಮೈನ್ ಕೂಡ ಇಳಿಸಿದೆ. ಫ್ಯಾನ್ ನಿಂತು ಸೆಕೆಯಾದಾಗ ಅತ್ತೆಗೆ ಎಚ್ಚರವಾಯಿತು.

ಸಂಜೆ ಯಜಮಾನರು ಕೇಳಿದರು: "ನಾಬ್ ಆನ್‌ನಲ್ಲೇ ಇತ್ತಾ? ನೀನು ನೋಡಿದೆಯಾ?"

"ನೋಡ್ದೆ. ಆನ್‌ನಲ್ಲೇ ಇತ್ತು" ಅಂದೆ.

ನಾನು ನೋಡಿರಲಿಲ್ಲ. ಎರಡು ಸಲವೂ ನೋಡಿರಲಿಲ್ಲ. ಗಾಬರಿಯಲ್ಲಿ ಕೈ ಹಾಕಿ ತಿರುಗಿಸಿದ್ದೆ, ಅಷ್ಟೇ. ಓವನ್ ಉರಿಯುತ್ತಿತ್ತು, ಆದ್ದರಿಂದ ಆನ್‌ನಲ್ಲಿ ಇದ್ದಿರಲೇಬೇಕು ಅಂತ ಮನಸ್ಸು ತೀರ್ಮಾನಿಸಿತು, ಬಾಯಿ ಅದನ್ನು ಕಂಡದ್ದು ಅಂತ ಹೇಳಿತು. ಇಪ್ಪತ್ತೈದು ವರ್ಷದಿಂದ ಮಕ್ಕಳಿಗೆ ಗಣಿತ ಕಲಿಸುವವಳು ನಾನು. ಉತ್ತರ ಸರಿಯಿದ್ದರೂ ದಾರಿ ಬರೆಯದಿದ್ದರೆ ಅಂಕ ಕತ್ತರಿಸುತ್ತೇನೆ. ಅತ್ತೆ ಅಲ್ಲೇ ಕೂತಿದ್ದರು. ನನ್ನ ಮುಖವನ್ನೇ ನೋಡುತ್ತಿದ್ದರು.

ಮುಂದಿನ ವಾರ ಅತ್ತೆಯನ್ನು ಟಿ. ನಗರದಲ್ಲಿ ಮರೆವಿನ ಪರೀಕ್ಷೆ ಮಾಡುವ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ತಮಿಳಿನಲ್ಲಿ ಮೂರು ಪದ ಹೇಳಿದರು: ಮಾವಿನಹಣ್ಣು, ಮೇಜು, ಬೀಗದ ಕೈ. ಐದು ನಿಮಿಷ ಬೇರೆ ಏನೇನೋ ಮಾತಾಡಿ ವಾಪಸು ಕೇಳಿದಾಗ ಅತ್ತೆಗೆ ಎರಡು ಹೊಳೆದವು. ಮೇಜು ಹೊಳೆಯಲಿಲ್ಲ. ಮೇಜಿನ ಮೇಲೆ ಕೈಯಿಟ್ಟುಕೊಂಡೇ ಅವರು ಅದನ್ನು ಹುಡುಕುತ್ತಿದ್ದರು. ನನಗೆ ಕೂಗಿ ಹೇಳಿಬಿಡೋಣ ಅನ್ನಿಸಿತು.

"ಭಯದಲ್ಲಿ ಯಾರಿಗಾದರೂ ಹೀಗಾಗುತ್ತದೆ" ಅಂದರು ಡಾಕ್ಟರು. "ಆರು ತಿಂಗಳು ಬಿಟ್ಟು ಬನ್ನಿ. ಅಲ್ಲಿಯವರೆಗೆ ಬೆಂಕಿಯ ಹತ್ತಿರ ಒಬ್ಬರನ್ನೇ ಬಿಡಬೇಡಿ."

ವಾಪಸು ಬರುವಾಗ ಆಟೋದಲ್ಲಿ ಅತ್ತೆ ನನ್ನ ಕೈ ಹಿಡಿದುಕೊಂಡರು. "ನಾನು ಆಫ್ ಮಾಡ್ದೆ ಕಣೇ. ಸತ್ಯಮಾ ಆಫ್ ಮಾಡ್ದೆ. ಆದ್ರೆ ನೀನು ಕಣ್ಣಾರೆ ನೋಡ್ದೆ ಅಂತೀಯ. ಹಾಗಾದ್ರೆ ನಂಗೆ ಏನಾಗ್ತಿದೆ?"

ಅವತ್ತಿಂದ ಮನೆಯ ರೀತಿಯೇ ಬದಲಾಯಿತು. ಅತ್ತೆ ನಲ್ಲಿ ನಿಲ್ಲಿಸಿ ಮೂರು ಸಲ ಮುಟ್ಟಿ ನೋಡುವರು. ಬಾಗಿಲ ಚಿಲಕ ಹಾಕಿ ಅರ್ಧ ದಾರಿಗೆ ಬಂದು ತಿರುಗಿ ಹೋಗುವರು. ಒಂದು ಮಧ್ಯಾಹ್ನ ಶಾಲೆಗೆ ಫೋನ್ ಮಾಡಿ, "ನಾನು ಬಿಪಿ ಮಾತ್ರೆ ತೊಗೊಂಡೆ ಅಲ್ವಾ?" ಅಂತ ಕೇಳಿದರು. ಅವರು ಹೆದರಿದ್ದರು. ನಾನು ಅವರಿಗಿಂತ ಹೆಚ್ಚು ಹೆದರಿದ್ದೆ. ಪಾಠದ ನಡುವೆ ಎರಡು ಸಲ ಹೊರಗೆ ಬಂದು ಮನೆಗೆ ಫೋನ್ ಮಾಡುವೆ. ಅವರು ತಕ್ಷಣ ಎತ್ತದಿದ್ದರೆ ಕಣ್ಣ ಮುಂದೆ ಸುಟ್ಟ ಪ್ಲೈವುಡ್ ಬರುತ್ತಿತ್ತು.

ಓವನ್ ತೆಗೆಸಿ ಬೇರೆ ಹಾಕಿಸೋಣ ಅಂದರು ಯಜಮಾನರು. ಹೊಸದು ಕೂರಿಸುವ ಒಬ್ಬ ಮೆಕ್ಯಾನಿಕ್ ಅಳತೆಗೆ ಬಂದ. ಈಗಿನ ಓವನ್‌ಗಳು ಈ ಗೂಡಿಗೆ ಹೊಂದುವುದಿಲ್ಲ, ಕೆಳಗಿನ ಗ್ರಾನೈಟ್ ಒಡೆಯಬೇಕು ಅಂದ. ಹಳೆಯದರ ಮಾಡೆಲ್ ನಿಂತು ಎಷ್ಟೋ ವರ್ಷವಾಗಿದೆಯಂತೆ, ಬಿಡಿಭಾಗ ಎಲ್ಲೂ ಸಿಗುವುದಿಲ್ಲವಂತೆ. ಅಳತೆಗೆಂದು ಓವನ್ನನ್ನು ಮುಂದಕ್ಕೆ ಎಳೆದವನು ಎಡಗಡೆ ನಾಬ್‌ನ ಹಿಂಭಾಗಕ್ಕೆ ಟಾರ್ಚ್ ಬಿಟ್ಟು, "ಮೇಡಂ, ಒಳಗಿನ ಸ್ವಿಚ್ಚು ಕರಕಲಾಗಿದೆ ನೋಡಿ" ಅಂದ.

"ಅದು ಸುಟ್ಟಿದ್ದಕ್ಕೆ ಓವನ್ ಹೀಗಾಯ್ತಾ, ಓವನ್ ಉರಿದಿದ್ದಕ್ಕೆ ಅದು ಸುಟ್ಟಿತಾ?"

"ಎರಡೂ ಇರಬಹುದು" ಅಂದ.

ಆ ಸ್ವಿಚ್ಚನ್ನು ಬಿಚ್ಚಿ ಕೊಡು ಅಂದೆ. ಅಂಥದ್ದೇ ಇನ್ನೊಂದು ಸಿಕ್ಕರೆ ಹಾಕಿಸೋಣ ಅಂತ ಮನೆಯಲ್ಲಿ ಹೇಳಿದೆ. ನನಗೆ ಬೇಕಾಗಿದ್ದದ್ದು ಬೇರೆ. ಅದನ್ನು ಬಲ್ಲವರು ಯಾರಾದರೂ ನೋಡಿ, ತಪ್ಪು ಯಾರದು ಅಂತ ಹೇಳಬೇಕಾಗಿತ್ತು.

ರಿಚಿ ಸ್ಟ್ರೀಟ್‌ನಲ್ಲಿ ಬಿಡಿಭಾಗ ಮಾರುವ ನಾಲ್ಕು ಅಂಗಡಿ ಹತ್ತಿಳಿದೆ. ಯಾರೂ ಕೈಗೆ ಕೂಡ ತೆಗೆದುಕೊಳ್ಳಲಿಲ್ಲ. ಕೊನೆಗೆ ಮಿಕ್ಸಿ ರಿಪೇರಿ ಮಾಡುವ ಒಬ್ಬರು, ತಿರುವೊಟ್ಟಿಯೂರಿನಲ್ಲಿ ಹಡಗುಗಳ ಅಡುಗೆಮನೆ ಸಾಮಾನು ರಿಪೇರಿ ಮಾಡುವ ಹಿರಿಯರಿದ್ದಾರೆ, ಅವರನ್ನು ಕೇಳಿ ಅಂತ ದಾರಿ ಬರೆದುಕೊಟ್ಟರು.

"ನಾನೂ ಬರ್ತೀನಿ" ಅಂದರು ಅತ್ತೆ. ಬಿಸಿಲು, ದೂರ ಅಂದೆ. "ನನ್ನ ವಿಷಯ ತಾನೇ ಅದು?" ಅಂದರು. ನನ್ನ ಮನಸ್ಸಿನಲ್ಲಿದ್ದದ್ದು ಅವರಿಗೆ ಮೊದಲೇ ಗೊತ್ತಾಗಿತ್ತು.

ಮೆಟ್ರೋದಲ್ಲಿ ಹೋದೆವು. ಸ್ವಿಚ್ಚು ಅವರ ಕೈಚೀಲದಲ್ಲಿ, ಕರ್ಚೀಫಿನಲ್ಲಿ ಸುತ್ತಿಕೊಂಡಿತ್ತು. ದಾರಿಯುದ್ದಕ್ಕೂ ನನಗೆ ಒಂದೇ ಭಯ. ಸ್ವಿಚ್ಚು ಸರಿಯಾಗಿದೆ ಅಂತ ಆ ಹಿರಿಯರು ಹೇಳಿಬಿಟ್ಟರೆ?

ವರ್ಕ್‌ಶಾಪಿನ ಹಿರಿಯರು ಲುಂಗಿ ಎತ್ತಿ ಕಟ್ಟಿ ಮುಕ್ಕಾಲಿಯ ಮೇಲೆ ಕೂತಿದ್ದರು. ಸ್ವಿಚ್ಚನ್ನು ಮೂಸಿ ನೋಡಿದರು. ನಾಬ್ ಕೂರುವ ಕಡ್ಡಿಯನ್ನು ಕಟ್ ಅಂತ ಸೊನ್ನೆಗೆ ತಿರುಗಿಸಿ, ಕರೆಂಟು ಪರೀಕ್ಷಿಸುವ ಮೀಟರಿನ ಎರಡು ಮೊನೆಗಳನ್ನು ಹಿಂದೆ ತಾಗಿಸಿದರು. ಮೀಟರು ಕೀ ಅಂತ ಕೂಗಿತು.

"ಪಾರುಂಗಮ್ಮಾ, ಜೀರೋಲ ಇರುಕ್ಕು. ಆನಾ ಕರೆಂಟ್ ಪೋಗುದು."

ಸೊನ್ನೆಯಲ್ಲಿದ್ದರೂ ಕರೆಂಟು ಹರಿಯುತ್ತಿದೆ. ಒಳಗಿನ ತಗಡುಗಳು ಕಾದು ಒಂದಕ್ಕೊಂದು ಅಂಟಿಕೊಂಡಿವೆ ಅಂತ ವಿವರಿಸಿದರು. ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿದರು, ಕೂಗು ನಿಂತಿತು. ಹೀಗೆ ತಟ್ಟಿದರೆ, ತಿರುಗಿಸಿದರೆ ಕೆಲವು ಸಲ ಬಿಡುತ್ತದೆ, ಕೆಲವು ಸಲ ಹಿಡಿಯುತ್ತದೆ, ಮನೆ ಸುಡದೆ ಉಳಿದದ್ದೇ ಹೆಚ್ಚು ಅಂದರು.

"ಇನ್ನೊರು ವಾಟ್ಟಿ" ಅಂದರು ಅತ್ತೆ. ಇನ್ನೊಂದು ಸಲ ತೋರಿಸಿ ಅಂತ.

ಹಿರಿಯರು ಆನ್ ಮಾಡಿ ಆಫ್ ಮಾಡಿದರು. ಮೂರನೆಯ ಸಲಕ್ಕೆ ಮೀಟರು ಮತ್ತೆ ಸೊನ್ನೆಯಲ್ಲೇ ಕೂಗಿತು. ಅತ್ತೆ ಕರ್ಚೀಫು ಮಡಿಸಿ ಚೀಲದಲ್ಲಿಟ್ಟುಕೊಂಡರು.

ಅದೇ ಸ್ವಿಚ್ಚು ಸಿಗಲಿಲ್ಲ. ಯಾವುದೋ ಹಡಗಿನ ಓವನ್‌ನಿಂದ ಬಿಚ್ಚಿದ್ದೊಂದು ಹೊಂದುತ್ತದೆ, ಕಡ್ಡಿ ಉದ್ದ, ಕತ್ತರಿಸಿ ಕೊಡುತ್ತೇನೆ, ಗುರುವಾರ ಬನ್ನಿ ಅಂದರು.

ಸ್ಟೇಷನ್ನಿನ ಬೆಂಚಿನ ಮೇಲೆ ಕೂತಾಗ ನಾನು ಹೇಳಿದೆ. "ಅತ್ತೆ, ನಾನು ನಾಬ್ ನೋಡಿರಲಿಲ್ಲ."

"ಏನು?"

"ಅವತ್ತು ಆನ್‌ನಲ್ಲಿತ್ತು ಅಂದೆನಲ್ಲ. ನಾನು ನೋಡೇ ಇರಲಿಲ್ಲ. ಹೆದರಿಕೆಯಲ್ಲಿ ತಿರುಗಿಸಿಬಿಟ್ಟೆ."

"ಮತ್ತೆ ನೋಡ್ದೆ ಅಂತ ಯಾಕೆ ಹೇಳ್ದೆ?"

ಒಂದು ರೈಲು ಬಂದು ಹೋಯಿತು, ಇಬ್ಬರೂ ಏಳಲಿಲ್ಲ. "ಇಷ್ಟು ದಿನ ನಾನು ಕಣ್ಣು ಮುಚ್ಚಿಲ್ಲ ಕಣೇ" ಅಂದರು ಅತ್ತೆ. "ಬೆಳಿಗ್ಗೆ ಎದ್ದಾಗ ನಿನ್ನ ಹೆಸರು ಮರ್ತುಹೋಗಿದ್ರೆ ಏನು ಮಾಡೋದು ಅಂತ, ಮಲಗೋ ಮುಂಚೆ ಹೇಳ್ಕೋತಿದ್ದೆ." ಮುಂದಿನ ರೈಲಿನಲ್ಲಿ ಅವರು ಕಿಟಕಿಯ ಕಡೆ ತಿರುಗಿ ಕೂತರು. ನನಗೆ ಅಳು ಬಂದುಬಿಟ್ಟಿತು. ಅವರು ತಿರುಗಲಿಲ್ಲ.

ಸ್ವಿಚ್ಚು ಬಂತು. ಅದೇ ಮೆಕ್ಯಾನಿಕ್ ಹಾಕಿಕೊಟ್ಟ. ಕೈಗೆಟುಕುವಂತೆ ಗೋಡೆಗೆ ಇನ್ನೊಂದು ಸ್ವಿಚ್ಚೂ ಆಯಿತು. ಮೊದಲ ಸಲ ಬಿಸ್ಕತ್ತು ಬೆಂದ ಮೇಲೆ ಅತ್ತೆ ನನ್ನನ್ನು ಕರೆದರು. "ಬಾ ಇಲ್ಲಿ. ನೋಡ್ಕೋ, ಸೊನ್ನೆ. ಇದೂ ಆಫ್. ನೋಡ್ದೆಯಾ?" ನೋಡಿದೆ ಅಂದೆ. ಆಮೇಲೆ ಪ್ರತಿ ಸಲವೂ ಹಾಗೇ. ನಾನು ಸ್ನಾನದಲ್ಲಿದ್ದರೂ ಕಾಯುವರು, ಬಂದು ನೋಡುವವರೆಗೆ ನಾಬ್‌ನಿಂದ ಕೈ ತೆಗೆಯುವವರಲ್ಲ. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು.

ಕಳೆದ ವಾರ ಅವರು ಕರೆಯಲಿಲ್ಲ. ಕಾದೆ, ಕಾದೆ, ಕೊನೆಗೆ ನಾನೇ ಒಳಗೆ ಹೋದೆ. ಅತ್ತೆ ಬಿಸ್ಕತ್ತು ಡಬ್ಬಿಗೆ ತುಂಬುತ್ತಿದ್ದರು.

"ಕರೀಲಿಲ್ವಲ್ಲ ಅತ್ತೆ?"

"ಎಷ್ಟು ದಿನ ಅಂತ ಕರೀಲಿ? ಸಾಕು ಬಿಡು" ಅಂದು ಒಂದು ಬಿಸ್ಕತ್ತು ನನ್ನ ಕೈಗಿಟ್ಟರು.

ಡಾಕ್ಟರು ಹೇಳಿದ ಆರು ತಿಂಗಳು ಮುಂದಿನ ತಿಂಗಳಿಗೆ ಮುಗಿಯುತ್ತದೆ. ಹೋಗೋಣ ಅಂತ ಅತ್ತೆಯೇ ಹೇಳಿದ್ದಾರೆ. ಆ ಒಂದು ಪದ ಹೊಳೆಯದೆ ಹೋದದ್ದು ಇಬ್ಬರಿಗೂ ನೆನಪಿದೆ, ಇಬ್ಬರೂ ಅದರ ಮಾತೆತ್ತುವುದಿಲ್ಲ.